ಪ್ರಳಯಕ್ಕೆ ಮುಂಚಿನ ಸಾಮಾನು

ಆಂಗ್ಲಭಾಷೆಯಲ್ಲಿ ‘ಆ್ಯಂಟಿಡಿಲೂವಿಯನ್’ ಎಂಬುದೊಂದು ವಿಶೇಷಣವುಂಟು. ಉಚ್ಚರಿಸುವಷ್ಟರಲ್ಲಿ ನಾಲಿಗೆ ಎರಡು ಬಾರಿ ಎಡವುತ್ತದೆ. ತೀರ ಹಳೆಯದು, ಒರಟಾದುದು, ಈ ಕಾಲಕ್ಕೆ ಸಲ್ಲದ್ದು ಎಂದು ಹಳಿಯಬೇಕಾದಾಗ ಇದನ್ನು ಬಳಸುತ್ತಾರೆ. ಮೊದಲಿನ ‘ಆ್ಯಂಟಿ’ಯನ್ನು ಕೇಳಿ ‘ವಿರೋಧಿ’ ಎಂದು ಅರ್ಥಮಾಡುವ ಮಿತ್ರರಿದ್ದಾರೆ. ಹಾಗಲ್ಲ. ಅದು ಲ್ಯಾಟಿನ್ನಿನ ‘ಆಂಟೆ’, ಎಂದರೆ ಮುಂಚೆ; ‘ಡಿಲೂವಿಯಮ್’ ಎಂದರೆ ಮಹಾಪೂರ. ಬೈಬಲ್ಲಿನ ನೋಹನ ಕಾಲದ ಜಲಪ್ರಳಯಕ್ಕೆ ಮುಂಚಿನದು ಎಂಬುದೇ ಮೂಲಾರ್ಥ. ಸರ್ ಥಾಮಸ್ ಬ್ರೌನ್ ಎಂಬ ವೈದ್ಯ ಲೇಖಕ 1646ರ ತನ್ನ ಗ್ರಂಥದಲ್ಲಿ ಇದನ್ನು ಬಳಸಿದಾಗ ಅದು ಬರಿಯ ಕಾಲಗಣನೆಯ ಮಾತು. ತಿರಸ್ಕಾರ ಬಂದು ಸೇರಿದ್ದು ಆಮೇಲೆ.

ಪಾಂಡವಪುರದ ಬಳಿಯ ನಮ್ಮ ಹಳ್ಳಿಯ ಮನೆಗೆ ಬಂದ ಸಹಪಾಠಿಯೊಬ್ಬ, ಮೂಲೆಯಲ್ಲಿದ್ದ ರಾಗಿಕಲ್ಲನ್ನು ಕಂಡು ಈ ಪದವನ್ನೇ ಪ್ರಯೋಗಿಸಿದ.

“ಏನಂದ್ನಪ್ಪ ಆ ಮಗ?” ಎಂದಳು ಅಜ್ಜಿ.

ಭಾಷಾಂತರದ ಕರ್ಮ ನನ್ನ ಪಾಲಿಗೆ ಬಂತು. ‘ಓಬೀರಾಯನ ಕಾಲದ್ದು’ ಎಂದರೆ ಸರಿಯಾದ ಅನುವಾದವೇ. ಆದರೆ ಆಕೆ ನಾಲ್ಕು ಮಕ್ಕಳನ್ನು ಸಾಕಿದ್ದು ಆ ಕಲ್ಲಿನಲ್ಲಿ ಬೀಸಿ. “ಪಾಂಡವರ ಕಾಲದ್ದು ಅಂದ ಕಣಜ್ಜಿ” ಎಂದೆ. ಮುಖ ಅರಳಿತು.

ಎರಡೂ ಹಳತೇ, ಒಂದು ಗೇಲಿ, ಇನ್ನೊಂದು ಗೌರವ. ಓಬೀರಾಯನ ರಾಜ್ಯಕ್ಕೆ ಭೂಪಟ ಬೇಡ, ನಗುವುದಕ್ಕೆ ಹೆಸರಿದ್ದರೆ ಸಾಕು. ಪಾಂಡವರಾದರೋ ನಮ್ಮ ಸೀಮೆಯ ಬಂಡೆಬಂಡೆಯಲ್ಲೂ ಇದ್ದಾರೆ. ಹಿಂದೆ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ‘ಫ್ರೆಂಚ್ ರಾಕ್ಸ್’ ಎನ್ನಿಸಿಕೊಂಡಿದ್ದ ಊರೇ ಪಾಂಡವಪುರವಾಯಿತು, ಮಗ್ಗುಲಿಗೇ ಕುಂತಿಬೆಟ್ಟ. ಇಂಗ್ಲಿಷರ ಪದ ಹಳತನ್ನು ಅಳೆಯುವುದು ಎಲ್ಲವನ್ನೂ ಕೊಚ್ಚಿಕೊಂಡು ಹೋದ ನೀರಿನಿಂದ. ಹಾಗೆ ಕರೆಸಿಕೊಂಡ ವಸ್ತು, ಕೊಚ್ಚಿಹೋಗಬೇಕಾಗಿದ್ದು ಹೇಗೋ ಉಳಿದುಬಿಟ್ಟಿತು ಎಂಬಂತೆ ಕೇಳಿಸುತ್ತದೆ. ನನಗೆ ಚುಚ್ಚಿದ್ದು ಇದೇ. ಹಾಗೆಂದು ಗಿರಣಿ ಬಿಟ್ಟು ಬೀಸುವ ಕಲ್ಲಿಗೆ ಮರಳಿರೆಂದು ಯಾವ ಹೆಣ್ಣುಮಗಳಿಗೂ ನಾನು ಹೇಳಲಾರೆ. ಬೀಸಿ ಬೀಸಿ ದಡ್ಡುಗಟ್ಟಿದ ಅಜ್ಜಿಯ ಅಂಗೈಯನ್ನು ಬಲ್ಲೆ.

ಪೂರದ ಮಾತು ಬಂದದ್ದರಿಂದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ನೆನೆಯಬೇಕು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಆದದ್ದು. ನೆಟ್ಟ ಕಲ್ಲುಕಂಬಗಳು, ಅವುಗಳ ಮೇಲೆ ಅಡ್ಡಲಾಗಿ ಕಲ್ಲುತೊಲೆಗಳು. ಹಟ್ಟಿಯ ಬಾಗಿಲಿಗೆ ತೊಲೆ ಕೂರಿಸುವ ಉಪಾಯವೇ ಇಲ್ಲಿಯೂ. 1924ರ ಕಾವೇರಿಯ ಮಹಾಪೂರಕ್ಕೆ ನೂರಿಪ್ಪತ್ತು ವರ್ಷ ಮುಂಚಿನದು ಅದು, ಇಂದಿಗೂ ನಿಂತಿದೆ. ಆ ಸಹಪಾಠಿಯನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ. ಅಲ್ಲಿ ಆತ ಆ ಪದವನ್ನು ಎಷ್ಟು ಬಾರಿ ಬೇಕಾದರೂ ಆಡಲಿ, ನನ್ನದೇನೂ ಆಕ್ಷೇಪಣೆಯಿಲ್ಲ.