ಹೃಷೀಕೇಶದಲ್ಲಿ ನಾಲ್ಕು ದಿನ

ಹಿಮಾಲಯದ ಕಣಿವೆಗಳಲ್ಲಿ ಹರಿದುಬಂದ ಗಂಗೆಯು ಬೆಟ್ಟಗಳ ಸಂಗವನ್ನು ಬಿಟ್ಟು ಬಯಲಿಗಿಳಿಯುವ ಸ್ಥಳದಲ್ಲಿ ಹೃಷೀಕೇಶವಿದೆ. ಉತ್ತರಾಖಂಡದ ಈ ಊರು ಬಹುಕಾಲದಿಂದ ಸಾಧುಸಂತರ ಬೀಡೆಂದೂ ಬದರಿ ಕೇದಾರಗಳ ಯಾತ್ರೆಯ ಹೆಬ್ಬಾಗಿಲೆಂದೂ ಪ್ರಸಿದ್ಧವಾಗಿದೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಇದಕ್ಕೆ ಮತ್ತೊಂದು ಖ್ಯಾತಿಯೂ ಸೇರಿಕೊಂಡಿದೆ. ಗಾಳಿ ತುಂಬಿದ ರಬ್ಬರಿನ ತೆಪ್ಪಗಳಲ್ಲಿ ಕುಳಿತು ಗಂಗೆಯ ರಭಸದ ತೆರೆಗಳನ್ನು ದಾಟುವ ರಾಫ್ಟಿಂಗ್ ಆಟಕ್ಕಾಗಿ, ಎತ್ತರದ ಕಟ್ಟೆಯಿಂದ ಹಗ್ಗ ಕಟ್ಟಿಕೊಂಡು ಕೆಳಕ್ಕೆ ಹಾರುವ ಬಂಜೀ ಜಿಗಿತಕ್ಕಾಗಿ ದೇಶದ ಎಲ್ಲ ಕಡೆಗಳಿಂದಲೂ ತರುಣರು ಇಲ್ಲಿಗೆ ಬರುತ್ತಾರೆ. ಒಂದೇ ಬೀದಿಯಲ್ಲಿ ಒಂದು ಕಡೆ ರುದ್ರಾಕ್ಷಿಯ ಅಂಗಡಿ, ಪಕ್ಕದಲ್ಲಿಯೇ ರಾಫ್ಟಿಂಗ್ ಚೀಟಿ ಮಾರುವ ಅಂಗಡಿ. ಕಾಷಾಯಧಾರಿಯೂ ಹೆಲ್ಮೆಟ್ ಧರಿಸಿದ ತರುಣನೂ ಒಂದೇ ಗೂಡಂಗಡಿಯಲ್ಲಿ ಚಹಾ ಕುಡಿಯುವ ಊರಿದು.

ವೀರಶೈವ ಲಿಂಗಾಯತ ಬಂಧುಗಳಿಗೆ ಈ ಮಾರ್ಗ ಹೊಸದಲ್ಲ. ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವಿರುವ ಊಖೀಮಠಕ್ಕೆ ಹೋಗುವವರು ಹೃಷೀಕೇಶವನ್ನು ಹಾದೇ ಹೋಗುತ್ತಾರೆ. ಕೇದಾರನಾಥ ದೇವಾಲಯದ ರಾವಲರು ಕರ್ನಾಟಕ ಮೂಲದ ವೀರಶೈವರಾಗಿರುವುದು ಪರಂಪರೆಯಿಂದ ನಡೆದುಬಂದ ಪದ್ಧತಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ಊಖೀಮಠದ ಓಂಕಾರೇಶ್ವರ ಗುಡಿಯಲ್ಲಿ ನಡೆಯುತ್ತದೆ. ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ಸಾರುತ್ತಾರೆ. ಹೃಷೀಕೇಶದಲ್ಲಿಯೂ ಕನ್ನಡ ನೆಲದವರ ಹೆಜ್ಜೆಗುರುತುಗಳಿವೆ. ಸ್ವಾಮಿ ಶಿವಾನಂದರು 1936ರಲ್ಲಿ ಸ್ಥಾಪಿಸಿದ ದಿವ್ಯಜೀವನ ಸಂಘವನ್ನು ಅವರ ತರುವಾಯ ಬಹುಕಾಲ ನಡೆಸಿದ ಸ್ವಾಮಿ ಚಿದಾನಂದರು ಮಂಗಳೂರಿನಲ್ಲಿಯೂ ಸ್ವಾಮಿ ಕೃಷ್ಣಾನಂದರು ಪುತ್ತೂರಿನಲ್ಲಿಯೂ ಜನಿಸಿದವರು.

ಮಕ್ಕಳ ಪರೀಕ್ಷೆಗಳು ಮುಗಿದ ಮೇಲೆ ಏಪ್ರಿಲ್ ತಿಂಗಳಲ್ಲಿ ನಾವು ಆರು ಜನ ಇಲ್ಲಿಗೆ ಬಂದೆವು: ನಾನು, ನಮ್ಮ ಮನೆಯವರು, ಮಗ, ಸೊಸೆ, ಕಾಲೇಜು ಓದುವ ಮೊಮ್ಮಗ ಮತ್ತು ಹದಿನಾರು ವರ್ಷದ ಮೊಮ್ಮಗಳು. ಊಖೀಮಠದ ದರ್ಶನ ಹಿರಿಯರ ಆಸೆ, ರಾಫ್ಟಿಂಗ್ ಕಿರಿಯರ ಆಸೆ. ಎರಡೂ ಒಂದೇ ದಾರಿಯಲ್ಲಿದ್ದುದರಿಂದ ಮನೆಯಲ್ಲಿ ವಾದಕ್ಕೆ ಎಡೆಯಾಗಲಿಲ್ಲ. ಮೊದಲು ನಾಲ್ಕು ದಿನ ಹೃಷೀಕೇಶ, ಆಮೇಲೆ ಊಖೀಮಠ ಎಂದು ಗೊತ್ತುಮಾಡಿಕೊಂಡೆವು. ನಾವು ಬಸವ ಜಯಂತಿಯನ್ನು ಆಚರಿಸುವ ಅಕ್ಷಯ ತೃತೀಯೆಯ ದಿನವೇ ಗಂಗೋತ್ರಿ ಯಮುನೋತ್ರಿಗಳ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮುಂದೆ ಯಾತ್ರಿಕರ ದಟ್ಟಣೆ ಹೆಚ್ಚು. ಅದಕ್ಕಿಂತ ಮೊದಲು ಬಂದವರಿಗೆ ವಸತಿಯೂ ಸುಲಭ, ದಾರಿಯೂ ಸುಗಮ. ಶಾಕಾಹಾರದ ಚಿಂತೆಯಂತೂ ಇಲ್ಲವೇ ಇಲ್ಲ. ಪುಣ್ಯಕ್ಷೇತ್ರವೆಂಬ ಕಾರಣದಿಂದ ಊರೊಳಗೆ ಮದ್ಯಮಾಂಸಗಳ ಮಾರಾಟಕ್ಕೆ ನಿಷೇಧವಿದೆ. ರೊಟ್ಟಿಯ ರುಚಿಗೆ ಒಗ್ಗಿದ ನಾಲಗೆಗೆ ಅಲ್ಲಿಯ ಬಿಸಿ ಫುಲ್ಕಾ, ರಾಜ್ಮಾಗಳು ಹಿತವಾಗಿಯೇ ಇದ್ದವು.

ಮೊದಲ ದಿನ ಲಕ್ಷ್ಮಣ ಝೂಲಾ ನೋಡಲು ಹೋದೆವು. ಅಲ್ಲಿ 1889ರಲ್ಲಿ ಕಟ್ಟಿದ್ದ ತೂಗುಸೇತುವೆ 1924ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅನಂತರ 1929ರಲ್ಲಿ ಕಟ್ಟಿ ಮುಗಿಸಿದ ಸೇತುವೆ ತೊಂಬತ್ತು ವರ್ಷ ಜನರನ್ನು ದಾಟಿಸಿ, ಹಳೆಯದಾಯಿತೆಂಬ ಕಾರಣದಿಂದ 2019ರಲ್ಲಿ ಸಂಚಾರಕ್ಕೆ ಮುಚ್ಚಲ್ಪಟ್ಟಿತು. ಕೆಳಭಾಗದಲ್ಲಿ 1986ರ ರಾಮ ಝೂಲಾ, 2020ರಲ್ಲಿ ತೆರೆದ ಜಾನಕಿ ಸೇತುವೆಗಳಿವೆ. 2013ರ ಜೂನ್ ತಿಂಗಳ ಮಹಾಪ್ರವಾಹದಲ್ಲಿ ಪರಮಾರ್ಥ ನಿಕೇತನದ ಘಾಟಿನ ಎದುರಿಗಿದ್ದ ದೊಡ್ಡ ಶಿವಮೂರ್ತಿಯನ್ನೇ ನದಿ ಸೆಳೆದೊಯ್ದಿತು. ಈ ನದಿಯ ಶಕ್ತಿ ಎಂಥದೆಂದು ಮೊಮ್ಮಕ್ಕಳಿಗೆ ಮೊದಲೇ ತಿಳಿದಿರಲೆಂದು ಇವನ್ನೆಲ್ಲ ಅವರಿಗೆ ಹೇಳಿದೆ.

ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿಗಳು ಕೂಡಿದ ಮೇಲೆ ಈ ನದಿಗೆ ಗಂಗೆಯೆಂಬ ಹೆಸರು. ಅಲ್ಲಿಂದ ಹೃಷೀಕೇಶದವರೆಗೆ ಬಂಡೆಗಳ ಇಕ್ಕಟ್ಟಿನಲ್ಲಿ ನೀರು ಧುಮ್ಮಿಕ್ಕುವ ಅನೇಕ ತಾಣಗಳಿವೆ. ಕೌಡಿಯಾಲಾ, ಮರೈನ್ ಡ್ರೈವ್, ಶಿವಪುರಿ, ಬ್ರಹ್ಮಪುರಿ ಎಂಬ ಸ್ಥಳಗಳಿಂದ ತೆಪ್ಪಗಳು ಹೊರಡುತ್ತವೆ. ಕೌಡಿಯಾಲಾದಿಂದ ಸುಮಾರು 35 ಕಿಲೋಮೀಟರು, ಶಿವಪುರಿಯಿಂದ ಸುಮಾರು 16, ಬ್ರಹ್ಮಪುರಿಯಿಂದ ಸುಮಾರು 9. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ತೆಪ್ಪಕ್ಕೆ ಹತ್ತಿಸುವುದಿಲ್ಲ. ಮಳೆಗಾಲದಲ್ಲಿ ರಾಫ್ಟಿಂಗ್ ನಿಲ್ಲಿಸುತ್ತಾರೆ. ನಮ್ಮ ಮಕ್ಕಳು ಶಿವಪುರಿಯನ್ನು ಆರಿಸಿಕೊಂಡರು. ಹಿಂದಿನ ಸಂಜೆ ಚೀಟಿ ಕೊಂಡಾಗ ಅಂಗಡಿಯ ತರುಣ ಒಂದು ಸೂಚನೆ ಕೊಟ್ಟ: ಕೊರಳಲ್ಲಿ ಸರ, ದಾರ, ಏನೂ ಜೋತಾಡಬಾರದು, ನೀರಿಗೆ ಬಿದ್ದಾಗ ಹಗ್ಗಕ್ಕೋ ಬಂಡೆಗೋ ಸಿಕ್ಕಿಕೊಂಡರೆ ಅಪಾಯ.

ನಮ್ಮ ಮನೆಯಲ್ಲಿ ಎಲ್ಲರೂ ಲಿಂಗಧಾರಿಗಳು. ಮೊಮ್ಮಗಳು ಎಂಟನೆಯ ವರ್ಷದಲ್ಲಿ ದೀಕ್ಷೆ ಪಡೆದಂದಿನಿಂದ ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಗುಂಡಗಡಗಿಯನ್ನು ಕೊರಳಿನಿಂದ ಇಳಿಸಿದವಳಲ್ಲ. ಆ ರಾತ್ರಿ ಕೋಣೆಯಲ್ಲಿ ಇದೇ ಮಾತು ನಡೆಯಿತು. ಮಗನೆಂದ: “ಎರಡು ತಾಸಿನ ಮಾತು ಅವ್ವಾ, ಕೋಣೆಯಾಗ ಇಟ್ಟು ಹೋಗ್ಲಿ ಬಿಡು. ನೀರಾಗ ಬಿದ್ದುಹೋದ್ರ ಏನ್ ಮಾಡೂದು?” ನಮ್ಮ ಮನೆಯವರು ಒಪ್ಪಲಿಲ್ಲ. “ಲಿಂಗ ಬಿಟ್ಟು ಹೋಗೂದಾದ್ರ ಹೋಗೂದೇ ಬ್ಯಾಡ” ಎಂದರು. ಹುಡುಗಿ ನನ್ನ ಕಡೆ ತಿರುಗಿ, “ಅಜ್ಜಾ, ನೀವ ಹೇಳ್ರಿ. ತಗದಿಟ್ಟು ಹೋಗಲ್ಯಾ, ಇಲ್ಲಾ ಹೋಗೂದೇ ಬಿಡಲ್ಯಾ?” ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಆಟ ತಪ್ಪೀತೆಂಬ ದುಃಖ ಒಂದು, ಅಜ್ಜಿಯ ಮಾತು ಮೀರಲಾರದ ಸಂಕಟ ಇನ್ನೊಂದು.

ಇದು ಒಂದು ಹುಡುಗಿಯ ಆಟದ ಪ್ರಶ್ನೆ ಮಾತ್ರವಲ್ಲವೆಂದು ನನಗೆ ತೋರಿತು. ಇಂದು ನಮ್ಮ ಮಕ್ಕಳು ಈಜುಕೊಳಕ್ಕೆ ಹೋಗುತ್ತಾರೆ, ಕ್ರೀಡಾಂಗಣಕ್ಕೆ ಹೋಗುತ್ತಾರೆ, ಆಸ್ಪತ್ರೆಯ ಯಂತ್ರಗಳೊಳಗೆ ಮಲಗುತ್ತಾರೆ. ಪ್ರತಿಯೊಂದು ಕಡೆಯಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ. ಹಿರಿಯರು ಕೇವಲ ಬೇಡವೆಂದರೆ ಮಕ್ಕಳು ಒಂದು ದಿನ ಲಿಂಗವನ್ನು ತೆಗೆದಿಟ್ಟು ಹೋಗುವುದನ್ನು ಕಲಿಯುತ್ತಾರೆ. ಮರುದಿನ ಅದನ್ನು ಕಟ್ಟಿಕೊಳ್ಳಲು ಮರೆಯುತ್ತಾರೆ. ಆಮೇಲೆ ಅದು ದೇವರ ಜಗಲಿಯ ಮೇಲೆ ಉಳಿಯುತ್ತದೆ.

ಶಾಸ್ತ್ರವು ಲಿಂಗಧಾರಣೆಗೆ ಕೊರಳೊಂದನ್ನೇ ವಿಧಿಸಿಲ್ಲ. ಮಸ್ತಕ, ಕಂಠ, ಕಕ್ಷ, ವಕ್ಷ, ಕುಕ್ಷಿ, ಹಸ್ತ ಎಂದು ಆರು ಸ್ಥಾನಗಳನ್ನು ಸಿದ್ಧಾಂತ ಶಿಖಾಮಣಿಯು ಹೇಳುತ್ತದೆ. ನಾಭಿಯ ಕೆಳಗೆ ಮಾತ್ರ ಧರಿಸಲಾಗದು. ಕಕ್ಷವೆಂದರೆ ಕಂಕುಳು. ನಾನು ಮಠದಲ್ಲಿ ಓದುತ್ತಿದ್ದಾಗ ನಮಗೆ ಅಲ್ಲಿಯ ಬಾವಿಯಲ್ಲಿಯೇ ಈಜು ಕಲಿಸಿದರು. ನೀರಿಗಿಳಿಯುವ ಮೊದಲು ಹಿರಿಯ ವಿದ್ಯಾರ್ಥಿಗಳು ನಮ್ಮ ಲಿಂಗಗಳನ್ನು ಉದ್ದನೆಯ ವಸ್ತ್ರದಲ್ಲಿ ಸುತ್ತಿ ಎಡಗಂಕುಳಿನ ಬದಿಗೆ ಬಿಗಿದು ಕಟ್ಟುತ್ತಿದ್ದರು. ಬಾವಿಗೆ ಹಾರಿದರೂ ಅದು ಕದಲುತ್ತಿರಲಿಲ್ಲ. ಯಾರೂ ಲಿಂಗವನ್ನು ಕಟ್ಟೆಯ ಮೇಲಿಟ್ಟು ನೀರಿಗಿಳಿದುದನ್ನು ನಾನು ಕಾಣೆ. ಲಿಂಗದ ನೆವದಿಂದ ಈಜು ಕಲಿಯದೆ ಉಳಿದವರನ್ನೂ ಕಾಣೆ.

ನಮ್ಮ ಮನೆಯವರ ಮನಸ್ಸಿನಲ್ಲಿದ್ದ ಭಯ ಬೇರೆಯದು. ಲಿಂಗವು ಮೈಯಿಂದ ಜಾರಿದರೆ ಪ್ರಾಣವನ್ನೇ ಬಿಡಬೇಕೆಂಬ ಕಠಿಣವಾದ ಮಾತು ಹಳೆಯ ಗ್ರಂಥಗಳಲ್ಲಿದೆ. ಲಿಂಗವನ್ನು ಪ್ರಾಣದಂತೆ ಜೋಪಾನ ಮಾಡಬೇಕೆಂಬುದೇ ಅದರ ತಾತ್ಪರ್ಯ. ಮಕ್ಕಳನ್ನು ಹೆದರಿಸಲು ಆ ಮಾತನ್ನು ಬಳಸಲಾಗದು. ಕೈಮೀರಿ ಲಿಂಗ ಕಳೆದುಹೋದಲ್ಲಿ ಗುರುವಿನ ಬಳಿಗೆ ಹೋಗಿ ಮತ್ತೆ ಪಡೆಯುವ ದಾರಿ ನಮ್ಮ ಮಠಗಳಲ್ಲಿ ನಡೆದುಬಂದಿದೆ. ಗುರುವು ಕರುಣೆಯಿಂದ ಕೊಟ್ಟ ವಸ್ತುವು ಶಿಷ್ಯನ ಜೀವವನ್ನು ಕಾಯುವುದಕ್ಕಾಗಿ ಇದೆಯೇ ಹೊರತು ಕಳೆಯುವುದಕ್ಕಾಗಿ ಅಲ್ಲ. ಇಷ್ಟನ್ನು ಎಲ್ಲರೂ ಕೇಳುವಂತೆ ಹೇಳಿದೆ. ಮೊಮ್ಮಗಳ ಜೊತೆಗೆ ಅವಳ ಅಜ್ಜಿಯ ಮುಖವೂ ಹಗುರಾಯಿತು.

ಬೆಳಿಗ್ಗೆ ಪೂಜೆ ಮುಗಿದ ಮೇಲೆ ಬೆಳ್ಳಿಯ ಗುಂಡಗಡಗಿಯನ್ನು ಕೋಣೆಯಲ್ಲಿಟ್ಟೆವು. ಗಟ್ಟಿಯಾದ ಲೋಹ ಜಾಕೆಟಿನ ಕೆಳಗೆ ಒತ್ತಿದರೆ ಪಕ್ಕೆಗೆ ನೋವಾದೀತು. ಲಿಂಗವನ್ನು ಮಾತ್ರ ಹತ್ತಿಯ ವಸ್ತ್ರದಲ್ಲಿ ಮೂರು ಸುತ್ತು ಸುತ್ತಿ, ಕೊರಳಿಗೆ ತಾಗದಂತೆ ಎದೆಯ ಮೇಲ್ಭಾಗದಲ್ಲಿ ಕಂಕುಳಿನ ಪಕ್ಕಕ್ಕೆ ಬಿಗಿದು, ಎರಡೆರಡು ಗಂಟು ಹಾಕಿ ಅವಳ ಅಜ್ಜಿಯೇ ಕಟ್ಟಿದರು. ಅದರ ಮೇಲೆ ಮೈಗಂಟುವ ಅಂಗಿ, ಅಂಗಿಯ ಮೇಲೆ ಲೈಫ್ ಜಾಕೆಟ್. ಅಣ್ಣನೂ ತಂದೆಯೂ ಹಾಗೆಯೇ ಕಟ್ಟಿಕೊಂಡರು.

ಶಿವಪುರಿಯವರೆಗೆ ನಾನೂ ಹೋಗಿ ಅವರನ್ನು ಬೀಳ್ಕೊಟ್ಟೆ. ತೆಪ್ಪದ ನಾಯಕ ಗಢವಾಲದ ಬೆಟ್ಟದ ಹಳ್ಳಿಯ ತರುಣ. ಮೊದಲು ಬಾಗಿ ನೀರನ್ನು ಮುಟ್ಟಿ ಹಣೆಗೊತ್ತಿಕೊಂಡ. ಆಮೇಲೆ ಅರ್ಧ ಗಂಟೆ ಉಪದೇಶ. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು, ಇಲ್ಲವಾದರೆ ಅದು ಪಕ್ಕದವರ ಹಲ್ಲು ಮುರಿದೀತು. ಮುಂದಕ್ಕೆ ಎಂದರೆ ಎಲ್ಲರೂ ಒಟ್ಟಿಗೆ ಮುಂದಕ್ಕೆ, ನಿಲ್ಲಿ ಎಂದರೆ ಒಟ್ಟಿಗೆ ನಿಲ್ಲಬೇಕು. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಯತ್ನಿಸಬಾರದು, ಕಾಲು ಬಂಡೆಗಳ ಸಂದಿಗೆ ಸಿಕ್ಕೀತು. ಬೆನ್ನ ಮೇಲೆ ತೇಲುತ್ತ ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಬೇಕು. ತಾನು ಹೇಳಿದ್ದನ್ನು ಪ್ರತಿಯೊಬ್ಬರಿಂದಲೂ ತಿರುಗಿ ಹೇಳಿಸಿದ ಮೇಲೆಯೇ ಅವನು ತೆಪ್ಪವನ್ನು ನೀರಿಗೆ ನೂಕಿದನು. ಭಾಗೀರಥಿಗೆ ಅಡ್ಡಲಾಗಿ 260 ಮೀಟರು ಎತ್ತರದ ಟೆಹರಿ ಅಣೆಕಟ್ಟು ಇದೆ. ಅಲ್ಲಿಂದ ನೀರು ಬಿಟ್ಟಾಗ ಕೆಳಗೆ ನದಿಯ ಮಟ್ಟ ಏರುತ್ತದೆ. ಅದನ್ನೂ ಅವನು ನೋಡಿಕೊಂಡಿರಬೇಕು.

ಅವನನ್ನು ನೋಡುತ್ತಿದ್ದಾಗ ನಮ್ಮ ಅಂಬಿಗರ ಚೌಡಯ್ಯನವರ ನೆನಪಾಯಿತು. ತುಂಗಭದ್ರೆಯ ದಡದ ಚೌಡದಾನಪುರ ಆ ಶರಣರ ಹೆಸರಿನಿಂದ ಇಂದಿಗೂ ಪವಿತ್ರವಾಗಿದೆ. ಜನರನ್ನು ದಡದಿಂದ ದಡಕ್ಕೆ ಸುರಕ್ಷಿತವಾಗಿ ಮುಟ್ಟಿಸುವುದನ್ನೇ ಅವರು ಕಾಯಕವೆಂದು ನಂಬಿದವರು. ಈ ತರುಣನಿಗೆ ಕಾಯಕವೆಂಬ ಶಬ್ದ ತಿಳಿಯದಿರಬಹುದು; ಅದರ ನಡೆ ತಿಳಿದಿದೆ. ತನ್ನ ತೆಪ್ಪದಲ್ಲಿ ಕುಳಿತವರ ಪ್ರಾಣ ತನ್ನ ಹೊಣೆಯೆಂದು ತಿಳಿದವನು ಯಾವ ನಾಡಿನವನಾದರೂ ಚೌಡಯ್ಯನವರ ಬಳಗದವನೇ. ನಾವು ಅಂಥವರನ್ನು ಕೂಲಿಯ ಆಳಿನಂತೆ ಕೂಗಿ ಕರೆಯದೆ ಗೌರವದಿಂದ ಮಾತನಾಡಿಸಬೇಕು.

ಮುನಿ ಕಿ ರೇತಿಯ ದಡದಲ್ಲಿ ನಾವು ಹಿರಿಯರಿಬ್ಬರೂ ಸೊಸೆಯೂ ಕಾದು ಕುಳಿತೆವು. ಒಂದೊಂದು ತೆಪ್ಪ ತಿರುವಿನಲ್ಲಿ ಕಾಣಿಸಿದಾಗಲೂ ನಮ್ಮ ಮನೆಯವರು ಎದ್ದು ನಿಲ್ಲುವರು, ಬೇರೆಯವರೆಂದು ತಿಳಿದು ಕುಳಿತುಕೊಳ್ಳುವರು. ಎರಡು ತಾಸಿನ ಮೇಲೆ ನಮ್ಮವರು ಬಂದರು. ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್ ಎಂದು ಇಂಗ್ಲಿಷ್ ಹೆಸರಿಟ್ಟ ಧುಮುಕುಗಳಲ್ಲಿ ತೆಪ್ಪ ಮುಂದಕ್ಕೆ ನಿಂತು ಹಿಂದಕ್ಕೆ ಬಿದ್ದ ಕಥೆಯನ್ನು ಮೂವರೂ ಒಟ್ಟಿಗೆ ಹೇಳತೊಡಗಿದರು. ನೀರು ಶಾಂತವಾಗಿದ್ದ ಒಂದು ಮಡುವಿನಲ್ಲಿ ನಾಯಕನ ಅಪ್ಪಣೆ ಪಡೆದು, ತೆಪ್ಪದ ಸುತ್ತ ಕಟ್ಟಿದ ಹಗ್ಗ ಹಿಡಿದು ಮೊಮ್ಮಗಳು ನೀರಿಗೂ ಇಳಿದಿದ್ದಳು. ಹಿಮ ಕರಗಿದ ನೀರಿನಿಂದ ತುಟಿ ನೀಲಿಗಟ್ಟಿತ್ತು, ಮುಖ ಅರಳಿತ್ತು. ಅಜ್ಜಿ ಮೊದಲು ಮುಟ್ಟಿ ನೋಡಿದ್ದು ಕಂಕುಳಿನ ಗಂಟನ್ನು. ಅದು ಇದ್ದಲ್ಲಿಯೇ ಇತ್ತು.

“ಅಜ್ಜಾ, ನನ್ನ ಲಿಂಗಕ್ಕೂ ಗಂಗಾಸ್ನಾನ ಆತು” ಎಂದಳು ಹುಡುಗಿ. ನಾನು ನಕ್ಕು, “ಮನೆಯ ನಳದ ನೀರಿನಿಂದ ನೀನು ದಿನಾ ಮಾಡಿಸುವ ಮಜ್ಜನವೂ ಇದಕ್ಕೆ ಕಡಿಮೆಯದಲ್ಲ” ಎಂದೆ. ತೀರ್ಥದ ನೀರು ಮೈಯನ್ನು ತೊಳೆದೀತೇ ಹೊರತು ಮನಸ್ಸನ್ನು ತೊಳೆಯದೆಂದು ಶರಣರು ಎಚ್ಚರಿಸಿದ್ದಾರೆ. ಇದರಿಂದ ಗಂಗೆಯ ಗೌರವವೇನೂ ಕುಂದುವುದಿಲ್ಲ. ಒಳಗೆ ಭಕ್ತಿಯಿದ್ದವನಿಗೆ ಎಲ್ಲ ನೀರೂ ಗಂಗೆ. ಭಕ್ತಿಯಿಲ್ಲದವನಿಗೆ ಗಂಗೆಯೂ ಬರಿಯ ನೀರು.

ಮೊಮ್ಮಗನಿಗೆ ಬಂಜೀ ಜಿಗಿತದ ಹಂಬಲವೂ ಇತ್ತು. ಸಮೀಪದ ಮೋಹನಚಟ್ಟಿಯಲ್ಲಿ 83 ಮೀಟರು ಎತ್ತರದಿಂದ ಹಾರಿಸುತ್ತಾರೆ. ಅವನಿಗೆ ಹಿಂದಿನ ವರ್ಷ ಆಟವಾಡುವಾಗ ಬೆನ್ನಿಗೆ ಪೆಟ್ಟಾಗಿತ್ತು. ಹೃದಯ, ಬೆನ್ನು, ರಕ್ತದೊತ್ತಡಗಳ ತೊಂದರೆಯುಳ್ಳವರು ಹಾರಬಾರದೆಂಬುದು ಈ ಆಟದ ನಿಯಮ. ಆದ್ದರಿಂದ ಬೇಡವೆಂದೆ. ತಂಗಿಗೆ ಹೌದು, ತನಗೆ ಬೇಡವೇ ಎಂದು ಅವನು ಮುನಿಸಿಕೊಂಡ. ಈ ಎರಡೂ ಉತ್ತರಗಳು ಒಂದೇ ತತ್ತ್ವದಿಂದ ಬಂದವೆಂದು ಅವನಿಗೆ ತಿಳಿಯಹೇಳಿದೆ. ಶರಣರು ಶರೀರವನ್ನು ಹೀಗಳೆದವರಲ್ಲ. ಶಿವನು ನೆಲೆಸುವ ಮನೆಯೆಂದು ಕಂಡವರು. ಆ ಮನೆಯನ್ನು ಹೆದರಿ ಮುಚ್ಚಿಡಬೇಕಾಗಿಲ್ಲ, ಹುಂಬತನದಿಂದ ಕೆಡವಲೂ ಬಾರದು. ಲಿಂಗವು ಮೈಮೇಲಿದೆಯೆಂಬ ಅರಿವು ಇದ್ದವನು ಮೈಯನ್ನೂ ಜೋಪಾನ ಮಾಡುತ್ತಾನೆ.

ನದಿಯ ಜೋಪಾನವೂ ಇದರಲ್ಲಿಯೇ ಸೇರಿದೆ. ಕೌಡಿಯಾಲಾದಿಂದ ಹೃಷೀಕೇಶದವರೆಗಿನ ಮರಳದಂಡೆಗಳಲ್ಲಿ ಹಿಂದೆ ಡೇರೆಗಳನ್ನು ಹಾಕಿ ಪ್ರವಾಸಿಗಳನ್ನು ಇರಿಸುತ್ತಿದ್ದರು. ಗಂಗೆ ಮಲಿನವಾಗುತ್ತಿರುವುದನ್ನು ಕಂಡು 2015ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅದನ್ನು ತಡೆಯಿತು. ರಾಫ್ಟಿಂಗಿಗೆ ಅಡ್ಡಿ ಮಾಡಲಿಲ್ಲ. ಆಟ ಅಪರಾಧವಲ್ಲ, ಹೊಲಸು ಮಾಡುವುದು ಅಪರಾಧ ಎಂಬ ಈ ವಿವೇಕ ಮೆಚ್ಚತಕ್ಕದ್ದು. ಪೂಜೆಯ ಹೆಸರಿನಲ್ಲಿ ಪ್ಲಾಸ್ಟಿಕ್ ಚೀಲ ಎಸೆಯುವ ಯಾತ್ರಿಕನಿಗೂ, ವಿನೋದದ ಹೆಸರಿನಲ್ಲಿ ಸೀಸೆ ಎಸೆಯುವ ಪ್ರವಾಸಿಗೂ ನದಿಯ ಮುಂದೆ ಭೇದವಿಲ್ಲ.

ಮಕ್ಕಳೊಡನೆ ಇಂಥ ಊರುಗಳಿಗೆ ಹೋಗುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೇ. ಒಂದು ಉದ್ದನೆಯ ಲಿಂಗವಸ್ತ್ರವನ್ನೂ ಒಣಗಿದ ಇನ್ನೊಂದನ್ನೂ ಚೀಲದಲ್ಲಿಡಿರಿ. ಕಂಕುಳಿಗೆ ಕಟ್ಟುವ ಕ್ರಮವನ್ನು ಮನೆಯಲ್ಲಿಯೇ ಮಕ್ಕಳಿಗೆ ಕಲಿಸಿರಿ. ನೀರಿನಿಂದ ಬಂದ ಮೇಲೆ ವಸ್ತ್ರ ಬದಲಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಕ್ಷಣಕಾಲ ಕುಳಿತುಕೊಳ್ಳಲು ಹೇಳಿರಿ. ರಜೆಯೆಂಬುದು ಶಾಲೆಗೆ, ಕಚೇರಿಗೆ ಉಂಟು, ಆಚಾರಕ್ಕೆ ಇಲ್ಲ. ಆದರೆ ಆಚಾರವು ಮಕ್ಕಳ ಸಂತೋಷಕ್ಕೆ ಅಡ್ಡಗೋಡೆಯೂ ಅಲ್ಲ. ಗಟ್ಟಿಯಾಗಿ ಕಟ್ಟಿದ ಗಂಟು ತೆರೆಗೆ ಬಿಚ್ಚುವುದಿಲ್ಲ. ಅದನ್ನು ಕಟ್ಟಿಕೊಡುವ ಹೊಣೆ ಮನೆಯ ಹಿರಿಯರದು.