ಕಾಲು ಇಂಚಿಗೆ ಒಂದು ಅಡಿ: ಅಪ್ಪನ ಜೊತೆ ನಂದಿ ಹಾಲ್ಟ್‌ಗೆ

ನಂದಿ ಬೆಟ್ಟಕ್ಕೆ ನೀವು ಎಷ್ಟು ಸಲ ಹೋಗಿದ್ದೀರೋ ಲೆಕ್ಕ ಇರಲ್ಲ. ಬೆಳಗಿನ ಜಾವ ಬೈಕು, ಮಂಜು, ಸೆಲ್ಫಿ, ವಾಪಸ್ ಬರ್ತಾ ಇಡ್ಲಿ-ವಡೆ. ಆದರೆ ಬೆಟ್ಟದ ಕೆಳಗಿರುವ ನಂದಿ ಹಾಲ್ಟ್ ಅನ್ನೋ ಪುಟ್ಟ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೀರಾ? ಯಲಹಂಕದಲ್ಲೇ ಹುಟ್ಟಿ ಬೆಳೆದ ನಾನು ಮೂವತ್ತು ವರ್ಷ ಹೋಗಿರಲಿಲ್ಲ. ಕಳೆದ ಜನವರಿಯಲ್ಲಿ ಹೋದೆ. ಜೊತೆಗೆ ಅಪ್ಪ, ಅವರ ಕುತ್ತಿಗೆಯಲ್ಲಿ ಟೈಲರ್ ಟೇಪು.

ಯಾಕೆ ಹೋದ್ವಿ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಅಪ್ಪ ಟೈಲರ್. ಹುಟ್ಟೂರು ನಂದಿ ಹತ್ತಿರದ ಹಳ್ಳಿ. ಹುಡುಗನಾಗಿದ್ದಾಗ ದಿನಾ ನಂದಿ ಹಾಲ್ಟ್‌ನಲ್ಲಿ ‘ಚಿಕ್ಕ ರೈಲು’ ಹತ್ತಿ ದೇವನಹಳ್ಳಿಗೆ ಹೋಗಿ ಹೊಲಿಗೆ ಕಲಿತವರು. ಆಮೇಲೆ ಯಲಹಂಕದಲ್ಲಿ ಸ್ವಂತ ಅಂಗಡಿ. ಎರಡು ವರ್ಷದ ಹಿಂದೆ ಕೈ ನಡುಗೋಕೆ ಶುರುವಾಯ್ತು. ಡಾಕ್ಟರು ಮಾತ್ರೆ ಕೊಟ್ಟರು. ನಡುಕ ಸ್ವಲ್ಪ ಕಮ್ಮಿಯಾಯ್ತು, ಆದರೆ ಸೂಜಿಗೆ ದಾರ ಪೋಣಿಸುವಷ್ಟು ಅಲ್ಲ. ಅಂಗಡಿ ಮುಚ್ಚಿದರು. ಅವತ್ತಿಂದ ಟಿವಿ ಮುಂದೆ ಕೂತರೆ ಕೂತೇ ಇರ್ತಿದ್ರು. ಟಿವಿ ಆಫ್ ಆಗಿದ್ರೂ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಸಮಸ್ಯೆ ಕಂಡ ತಕ್ಷಣ ಆನ್‌ಲೈನಲ್ಲಿ ಏನಾದರೂ ಆರ್ಡರ್ ಮಾಡೋದು ನನ್ನ ಅಭ್ಯಾಸ. ಅಪ್ಪನಿಗೆ ರೈಲು ಇಷ್ಟ ಅಲ್ವಾ ಅಂತ ಒಂದು ಮಾಡೆಲ್ ರೈಲು ಸೆಟ್ ತರಿಸಿದೆ. ಎಚ್‌ಓ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಪ್ರಪಂಚದಲ್ಲಿ ಹೆಚ್ಚು ಜನ ಇಟ್ಟುಕೊಳ್ಳೋದು ಇದನ್ನೇ. ನೋಡೋಕೆ ಬಲು ಚೆಂದ. ಆದರೆ ಪುಟಾಣಿ ಚಕ್ರಗಳನ್ನ ಹಳಿ ಮೇಲೆ ಕೂರಿಸಬೇಕಲ್ಲ? ಅಪ್ಪ ಒಂದು ಬೋಗಿ ಹಿಡಿದು ಐದು ನಿಮಿಷ ಒದ್ದಾಡಿದರು. ನಾನು ಕೈ ಚಾಚಿದೆ. ಅವರು ಬೋಗಿಯನ್ನ ಡಬ್ಬಿಯಲ್ಲಿಟ್ಟು, ‘ಇದು ಕೈ ನೆಟ್ಟಗಿರೋರಿಗೆ ಕಣಮ್ಮಾ’ ಅಂದು ಮಹಡಿ ಮೇಲೆ ಹೋಗಿಬಿಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ಸ್ಕೇಲಿನ ರೈಲು ಹುಡುಕುತ್ತಾ ಕೂತೆ. ಸ್ಕೇಲ್ ದೊಡ್ಡದಾದರೆ ಹಳಿಯೂ ದೊಡ್ಡದು, ತಿರುವು ದೊಡ್ಡದು, ಬೆಲೆ ಇನ್ನೂ ದೊಡ್ಡದು. ನಮ್ಮದು ಎರಡು ಬೆಡ್‌ರೂಮಿನ ಮನೆ. ಆಗ ಸಿಕ್ಕಿದ್ದು ಓ-ಎನ್-30 ಅನ್ನೋ ಹೆಸರು.

ಇದರ ಐಡಿಯಾ ಸಿಂಪಲ್. ಓ ಅಂದರೆ ಓ ಸ್ಕೇಲ್, ನಿಜದ 48ನೇ ಒಂದು ಭಾಗ. ಎನ್ ಅಂದರೆ ನ್ಯಾರೋ ಗೇಜ್. 30 ಅಂದರೆ ಹಳಿಗಳ ನಡುವಿನ ಅಗಲ 30 ಇಂಚು, ಎರಡೂವರೆ ಅಡಿ. 762 ಮಿಲಿಮೀಟರನ್ನ 48ರಿಂದ ಭಾಗಿಸಿ: 15.9 ಮಿ.ಮೀ. ಬರುತ್ತೆ. ನಮ್ಮ ಮನೆಯಲ್ಲಿ ಡಬ್ಬಿ ಸೇರಿದ್ದ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಹೆಚ್ಚುಕಮ್ಮಿ ಒಂದೇ! ಅಂದರೆ ಹಳಿ, ಮೋಟಾರು, ಕಂಟ್ರೋಲರ್ ಎಲ್ಲ ಅದೇ ಇರಲಿ, ಮೇಲಿನ ಬೋಗಿ, ಮನುಷ್ಯರು, ಸ್ಟೇಷನ್ ಮಾತ್ರ ದೊಡ್ಡದು ಮಾಡಿದರೆ ಸಾಕು. ನ್ಯಾರೋ ಗೇಜ್ ಬೋಗಿಗಳು ಗಿಡ್ಡ, ಎಂಜಿನ್ ಗಿಡ್ಡ. ಹಾಗಾಗಿ ಎಚ್‌ಓ ಸೆಟ್ಟಿನ 18 ಇಂಚು ತ್ರಿಜ್ಯದ ತಿರುವಲ್ಲೂ ಸಣ್ಣ ಎಂಜಿನ್‌ಗಳು ಆರಾಮಾಗಿ ಓಡುತ್ತವೆ.

ಬೆಳಗ್ಗೆ ಕಾಫಿ ಕುಡೀತಾ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: ‘ಆ 48 ಅಂದ್ರೆ ನಮ್ಮ ಲೆಕ್ಕದಲ್ಲಿ ಎಷ್ಟು?’ ನಾನು ಲೆಕ್ಕ ಹಾಕೋ ಮೊದಲೇ ಅವರೇ ಅಂದರು: ‘ಅಡಿಗೆ ಹನ್ನೆರಡು ಇಂಚು... ಕಾಲು ಇಂಚಿಗೆ ಒಂದು ಅಡಿ ಬಂತು. ಇದು ನಂಗೆ ಗೊತ್ತಿರೋ ಲೆಕ್ಕ ಕಣಮ್ಮಾ.’ ಆರಡಿ ಬಾಗಿಲು ಒಂದೂವರೆ ಇಂಚು. ಮೂರಡಿ ಕಿಟಕಿ ಮುಕ್ಕಾಲು ಇಂಚು. ಜೀವನಪೂರ್ತಿ ಕಾಲು, ಅರೆ, ಮುಕ್ಕಾಲಲ್ಲಿ ಬದುಕಿದ ಮನುಷ್ಯ.

ಇನ್ನೊಂದು ವಿಷಯ ಅವತ್ತೇ ಗೊತ್ತಾಯ್ತು. ಅಪ್ಪನ ‘ಚಿಕ್ಕ ರೈಲು’ ಕೂಡ ಎರಡೂವರೆ ಅಡಿ ಗೇಜಿನದೇ. ಯಲಹಂಕದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಶುರುವಾದ ಲೈನು, ಕೋಲಾರದ ಮೇಲೆ ಬಂಗಾರಪೇಟೆ ಸೇರ್ತಿತ್ತು. ಕಾಲ್ಕಾ–ಶಿಮ್ಲಾ ರೈಲಿನದೂ ಇದೇ ಅಳತೆ. ಊಟಿ ರೈಲನ್ನ ನಾವೆಲ್ಲ ನ್ಯಾರೋ ಗೇಜ್ ಅಂದುಕೊಳ್ತೀವಿ, ಅದು ಮೀಟರ್ ಗೇಜ್. ಡಾರ್ಜಿಲಿಂಗಿನದು ಎರಡೇ ಅಡಿ. ನಮ್ಮ ಚಿಕ್ಕಬಳ್ಳಾಪುರದ ಲೈನು ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಯ್ತು. ನಾನು ಕಣ್ಣು ಬಿಡೋ ಹೊತ್ತಿಗೆ ಆ ರೈಲು ಇರಲಿಲ್ಲ.

ಇರೋದು ಸ್ಟೇಷನ್. ಹಾಗಾಗಿ ಒಂದು ಶನಿವಾರ ಹೊರಟೆವು. ಈ ದಾರೀಲಿ ರೈಲು ಕಮ್ಮಿ, ಹೋಗೋರು ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಯಲಹಂಕ ಬಿಟ್ಟರೆ ದೊಡ್ಡಜಾಲ, ವಿಮಾನ ನಿಲ್ದಾಣದ ಹಾಲ್ಟ್, ದೇವನಹಳ್ಳಿ. ದೇವನಹಳ್ಳಿ ಬಂದಾಗ ಅಪ್ಪ ಕಿಟಕಿಗೆ ಹಣೆ ಒತ್ತಿಕೊಂಡು, ‘ಇಲ್ಲಿ ಇಳೀತಿದ್ದೆ’ ಅಂದರು. ಮುಂದೆ ದ್ರಾಕ್ಷಿ ತೋಟ, ನೀಲಗಿರಿ, ಅಲ್ಲಲ್ಲಿ ಲೇಔಟಿನ ಬೋರ್ಡು. ಆಮೇಲೆ ನಿಧಾನಕ್ಕೆ ಬೆಟ್ಟ ಎದ್ದು ನಿಲ್ಲುತ್ತೆ.

ನಂದಿ ಹಾಲ್ಟ್‌ನಲ್ಲಿ ಇಳಿದವರು ಹತ್ತು ಜನ ಇರಬಹುದು. ರೈಲು ಹೋದ ಮೇಲೆ ಮರದ ಮೇಲಿನ ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ. ಹೆಂಚಿನ ಮಾಡಿನ ಹಳೇ ಕಟ್ಟಡ, ಹಿಂದೆ ಬೆಟ್ಟ. ಅಲ್ಲಿದ್ದ ಸಿಬ್ಬಂದಿಯನ್ನ ಕೇಳಿದೆ: ‘ಸಾರ್, ಕಟ್ಟಡದ ಅಳತೆ ತಗೋಬಹುದಾ?’ ಅವರು ಅಪ್ಪನ ಕುತ್ತಿಗೆಯ ಟೇಪು ನೋಡಿ, ‘ಏನು, ಸ್ಟೇಷನ್ನಿಗೆ ಶರ್ಟ್ ಹೊಲಿಸ್ತೀರಾ?’ ಅಂತ ನಕ್ಕು, ‘ಹಳಿ ಕಡೆ ಮಾತ್ರ ಇಳೀಬೇಡಿ’ ಅಂದರು.

ಟೈಲರ್ ಟೇಪು ಅಂದರೆ ಬರೀ 60 ಇಂಚು. ಗೋಡೆ ಅಳೆಯೋಕೆ ನನ್ನ ಹತ್ರ ಲೇಸರ್ ಮೀಟರ್ ಇತ್ತು. ಬ್ಯಾಗಿಂದ ತೆಗೆಯಲಿಲ್ಲ. ಟೇಪಿನ ಒಂದು ತುದಿ ನಾನು ಗೋಡೆಗೆ ಒತ್ತಿ ಹಿಡಿದೆ. ಇನ್ನೊಂದು ತುದಿ ಅಪ್ಪನ ಕೈಯಲ್ಲಿ ನಡುಗ್ತಿತ್ತು. ಅವರು ಅದನ್ನ ಹೆಬ್ಬೆರಳಿಂದ ಗೋಡೆಗೆ ಅದುಮಿದರು, ನಡುಕ ನಿಂತಿತು. ‘ನಲವತ್ತೆರಡೂವರೆ. ಬರ್ಕೋ’ ಅಂದರು.

ಆ ‘ಬರ್ಕೋ’ ಕೇಳಿ ಎಷ್ಟು ವರ್ಷ ಆಗಿತ್ತು! ಶಾಲೆಗೆ ರಜಾ ಇದ್ದಾಗ ಅಂಗಡಿಯಲ್ಲಿ ಅಳತೆ ಪುಸ್ತಕ ಬರೀತಿದ್ದವಳು ನಾನೇ. ಭುಜ, ತೋಳು, ಎದೆ, ಸೊಂಟ. ಈಗ ಬಾಗಿಲು, ಕಿಟಕಿ, ಮೆಟ್ಟಿಲು, ಬೆಂಚು. ಒಂದೂವರೆ ಗಂಟೆಯಲ್ಲಿ ನಾಲ್ಕು ಪುಟ ತುಂಬಿತು.

ನೀವೂ ಶುರು ಮಾಡೋದಾದರೆ ನಾವು ಕಲಿತದ್ದು ಇಷ್ಟು. ಮೊದಲೇ ಸುತ್ತು ಹೊಡೆಯೋ ಟ್ರ್ಯಾಕ್ ಬೇಡ. ನಾಲ್ಕಡಿ ಉದ್ದ, ಒಂದಡಿ ಅಗಲದ ಪ್ಲೈವುಡ್, ಒಂದು ಸ್ಟೇಷನ್, ಒಂದು ಎಂಜಿನ್, ಎರಡು ಬೋಗಿ ಸಾಕು. ಅಮೆರಿಕದಲ್ಲಿ ಈ ಸ್ಕೇಲಿನ ರೆಡಿಮೇಡ್ ರೈಲು ಸಿಗುತ್ತೆ, ತರಿಸೋದು ದುಬಾರಿ. ನಾವು ಹಳೇ ಸೆಟ್ಟಿನ ಸಣ್ಣ ಎಂಜಿನ್ನಿನ ಮೇಲ್ಭಾಗ ಬಿಚ್ಚಿ, ಮೋಟಾರು, ಚಕ್ರ ಉಳಿಸಿಕೊಂಡು, ದಪ್ಪ ರಟ್ಟಿನಲ್ಲಿ ಹೊಸ ಬಾಡಿ ಮಾಡಿದೆವು. ಅಪ್ಪ ಬೋಗಿಯನ್ನೂ ಶರ್ಟಿನ ಹಾಗೆ ಪೇಪರ್ ಮೇಲೆ ಬಿಡಿಸಿದರು: ಎರಡು ಪಕ್ಕ, ಎರಡು ತುದಿ, ಮೇಲೆ ಮಾಡು. ‘ಹೊಲಿಗೆಗೆ ಬಿಡೋ ಹಾಗೆ ಅಂಟಿಗೂ ಕಾಲು ಇಂಚು ಬಿಡು’ ಅಂದರು. ಕತ್ತರಿಸೋ ಕೆಲಸ ನನ್ನದು.

ಎಚ್‌ಓ ಹಳಿಯ ಸ್ಲೀಪರ್‌ಗಳು ದೊಡ್ಡ ಸ್ಕೇಲಿಗೆ ತೀರಾ ಸಣ್ಣ, ಒತ್ತೊತ್ತು. ಅವನ್ನ ಮಣ್ಣಲ್ಲಿ ಮುಚ್ಚಿಬಿಟ್ಟರೆ ಗೊತ್ತಾಗಲ್ಲ. ಮಣ್ಣನ್ನ ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದು, ಮೇಲೊಂದು ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಉಳಿದರೆ ಮೋಟಾರಿಗೆ ಅಂಟಿಕೊಂಡು ಹಾಳು ಮಾಡುತ್ತೆ. ನೀರು ಬೆರೆಸಿದ ಫೆವಿಕಾಲ್‌ಗೆ ಎರಡು ಹನಿ ಪಾತ್ರೆ ಸೋಪು ಹಾಕಿ ಬಿಟ್ಟರೆ ಮಣ್ಣು ಚೆನ್ನಾಗಿ ಹೀರಿಕೊಳ್ಳುತ್ತೆ.

ಮೂರು ತಿಂಗಳಾಯ್ತು. ನಮ್ಮ ನಂದಿ ಹಾಲ್ಟ್ ಈಗ ಟಿವಿ ಪಕ್ಕದ ಶೆಲ್ಫ್ ಮೇಲಿದೆ. ಒಂದು ಕಿಟಕಿ ಸೊಟ್ಟ, ಅದು ನನ್ನ ತಪ್ಪು. ಅಪ್ಪನ ಕೈ ಈಗಲೂ ನಡುಗುತ್ತೆ. ಬೋಗಿಯನ್ನ ಹಳಿ ಮೇಲೆ ಕೂರಿಸೋಕೆ ಒಮ್ಮೊಮ್ಮೆ ನಾಲ್ಕು ಸಲ ಪ್ರಯತ್ನ ಬೇಕು. ಬೋಗಿ ದೊಡ್ಡದು, ಹಿಡಿಯೋಕೆ ಜಾಗ ಇದೆ, ಕೂರುತ್ತೆ. ನಾನು ಕೈ ಚಾಚೋದನ್ನ ಬಿಟ್ಟಿದ್ದೀನಿ.

ನಾಲ್ಕಡಿ ಹೋಗುತ್ತೆ ರೈಲು, ವಾಪಸ್ ಬರುತ್ತೆ. ‘ನಂದಿ ಹಾಲ್ಟ್ ಬಿಟ್ಟು ಎಲ್ಲಿಗೂ ಹೋಗಲ್ವಲ್ಲ ಇದು’ ಅಂತ ಅಮ್ಮ ರೇಗಿಸಿದರು. ಅಪ್ಪ ಉತ್ತರ ಕೊಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನನ್ನ ಕೇಳಿದರು: ‘ಈ ಶನಿವಾರ ಆಫೀಸ್ ರಜಾ ತಾನೆ? ದೇವನಹಳ್ಳಿ ಅಳತೆ ತಗೊಂಡು ಬರೋಣ.’