ತೊಡೆಯ ಹುರಿ, ಮಂಡಿಯ ಕಟ್ಟು

ದಾವಣಗೆರೆಯಲ್ಲಿ ಮಾತು ಎಲ್ಲಿ ಶುರುವಾದರೂ ಬೆಣ್ಣೆದೋಸೆಗೋ ಕುಸ್ತಿಗೋ ಬಂದು ನಿಲ್ಲುತ್ತದೆ. ದೋಸೆಗೆ ಕೂತರೆ ಏಳೋದು ಕಷ್ಟ, ಅದು ಇನ್ನೊಂದು ದಿನಕ್ಕಿರಲಿ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದ್ದೀರಲ್ಲ? ಎಲ್ಲರ ಕಣ್ಣೂ ಪೈಲ್ವಾನರ ಎದೆ, ಭುಜದ ಮೇಲೆ; ನನ್ನ ಕಣ್ಣು ಮಾತ್ರ ಮಂಡಿಯ ಮೇಲೆ. ಮಣ್ಣಿನಲ್ಲಿ ಕಾಲು ಊರಿದೆ, ಮೇಲಿನ ಮೈ ತಿರುಚಿಕೊಂಡಿತು, ಒಳಗೆಲ್ಲೋ ‘ಟಕ್’ ಅಂತು. ಎರಡು ತಾಸಿನಲ್ಲಿ ಮಂಡಿ ಊದಿ ಬಂತು. ಯಾರೋ ಎಣ್ಣೆ ತಂದರು, ಇನ್ಯಾರೋ ಉಳುಕು ತೆಗೆಯುವವರ ಮನೆ ತೋರಿಸಿದರು. ಊತ ಇಳಿಯಿತು, ನೋವೂ ಹೋಯಿತು. ಆದರೆ ಮೆಟ್ಟಿಲಿಳಿಯುವಾಗ, ಸರಕ್ಕನೆ ತಿರುಗುವಾಗ ಮಂಡಿ ಜಾರುತ್ತದೆ!

ಜಾರದೆ ಏನು ಮಾಡೀತು? ಕೆಳಗಿನ ಮೂಳೆ ಮುಂದಕ್ಕೆ ಸರಿಯದಂತೆ ಹಿಡಿದಿದ್ದ ಮೂರು ಸೆಂಟಿಮೀಟರ್ ಚಿಲ್ಲರೆ ಉದ್ದದ ಕಟ್ಟು ಹರಿದಿದೆ. ಡಾಕ್ಟರು ಎಸಿಎಲ್ ಅಂತಾರೆ, ಕಬಡ್ಡಿ ಹುಡುಗರು ಬರೀ ‘ಲಿಗಮೆಂಟ್’ ಅಂತಾರೆ. 1895ರಲ್ಲೇ ಇಂಗ್ಲೆಂಡಿನ ಶಸ್ತ್ರವೈದ್ಯ ಮೇಯೋ ರಾಬ್ಸನ್ ಒಬ್ಬ ಗಣಿಕಾರ್ಮಿಕನ ಹರಿದ ಕಟ್ಟನ್ನು ಹೊಲಿದಿದ್ದರು. 1917ರಲ್ಲಿ ಅಲ್ಲಿನವರೇ ಆದ ಹೇ ಗ್ರೋವ್ಸ್ ಹರಿದ ಕಟ್ಟಿನ ಬದಲಿಗೆ ತೊಡೆಯ ಹೊರಮಗ್ಗುಲಿನ ಪಟ್ಟಿಯನ್ನೇ ಮಂಡಿಯೊಳಗೆ ಹಾಯಿಸಿದರು.

ಈಗ ಆ ಜಾಗಕ್ಕೆ ಹೆಚ್ಚಾಗಿ ತೊಡೆಯ ಹಿಂಭಾಗದ ಸ್ನಾಯುರಜ್ಜು. ಮಂಡಿಯ ಕೆಳಗೆ, ಒಳಮಗ್ಗುಲಲ್ಲಿ ಸಣ್ಣದಾಗಿ ಕೊಯ್ದು ಅದನ್ನು ಹೊರಗೆಳೆಯುತ್ತಾರೆ. ಬೆಳ್ಳಗೆ ಹೊಳೆಯುವ ಎಳೆ. ಅಂಟಿದ ಮಾಂಸ ಕೆರೆದು, ನಾಲ್ಕು ಪದರ ಬರುವಂತೆ ಮಡಿಚಿ, ತುದಿ ಹೊಲಿದರೆ ಸುಮಾರು 8 ಮಿಲಿಮೀಟರ್ ದಪ್ಪದ ಹುರಿ. ಎರಡೂ ಮೂಳೆಗೆ ತೂತು ಕೊರೆದು, ಹುರಿ ಹಾಯಿಸಿ ಬಿಗಿಯುತ್ತಾರೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹುರಿಯ ದಪ್ಪ ಅಳೆದೇ ಡ್ರಿಲ್ ಆರಿಸುವುದು. ಸಡಿಲಾದರೆ ಕೆಟ್ಟಿತು.

ಆದರೆ ಮೂಳೆ ಯಂತ್ರವಲ್ಲ ನೋಡಿ. ಕಿತ್ತು ತಂದ ಎಳೆಗೆ ಮೊದಲು ರಕ್ತವೇ ಹರಿಯುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಅದು ಇನ್ನಷ್ಟು ಸೊರಗುತ್ತದೆ. ಹೊಸ ರಕ್ತನಾಳ ಚಿಗುರಿ ಗಟ್ಟಿಯಾಗಲು ವರ್ಷವೇ ಹಿಡಿದೀತು. ಹುಡುಗನಿಗೋ ಎರಡನೇ ತಿಂಗಳಿಗೇ ನೋವಿಲ್ಲ, ಗರಡಿ ಕರೆಯುತ್ತದೆ. ಅಪಾಯ ಇರುವುದು ಅಲ್ಲೇ.

ಎಲ್ಲರಿಗೂ ಆಪರೇಷನ್ ಬೇಕೆಂದೇನಿಲ್ಲ. ವ್ಯಾಯಾಮದಲ್ಲೇ ನಿಭಾಯಿಸುವವರೂ ಇದ್ದಾರೆ. ಅದನ್ನು ಹೇಳಬೇಕಾದವರು ಮೂಳೆ ಡಾಕ್ಟರು. 1965ರಿಂದ ಮೆಡಿಕಲ್ ಕಾಲೇಜಿರುವ ಊರಲ್ಲಿ ಅವರಿಗೇನು ಬರವೇ? ಗರಡಿಯ ಉಸ್ತಾದರೇ, ಕಬಡ್ಡಿ ಕೋಚುಗಳೇ, ಮಂಡಿ ಜಾರುವ ಹುಡುಗನನ್ನು ಮೊದಲು ಅವರ ಹತ್ತಿರ ಕರೆದುಕೊಂಡು ಹೋಗಿ. ಆಪರೇಷನ್ ಆದಮೇಲೆ ಒಂಬತ್ತು ತಿಂಗಳಾದರೂ ಅವನನ್ನು ಕಣಕ್ಕೆ ಇಳಿಸಬೇಡಿ.